ತುಕ್ಕಿನ ಅಪವಾದ

ಒಲೆಯ ಮೇಲೆ ಬೇಯುತ್ತಿರುವ ಅನ್ನವನ್ನು ಅರ್ಧಕ್ಕೇ ಇಳಿಸಿಕೊಂಡು ಹೋಗಿ, ಆ ಮನೆಯವರಿಗೆ ಅಡುಗೆಯೇ ಬರುವುದಿಲ್ಲವೆಂದು ಪೇಟೆಯಲ್ಲೆಲ್ಲ ಸಾರಿದವನೊಬ್ಬ, ಅಡುಗೆಯವರು ತೀರಿಕೊಂಡ ಮೇಲೆ ವೇದಿಕೆ ಹತ್ತಿ ಅವರ ಕೈರುಚಿಯನ್ನು ಹೊಗಳಿದರೆ, ಓದುಗರೇ, ನೀವು ಚಪ್ಪಾಳೆ ತಟ್ಟುತ್ತೀರಾ?

ಚಳ್ಳಕೆರೆಯಲ್ಲಿ ಕಳೆದ ತಿಂಗಳು ತಟ್ಟಿದರು. ಸಂತಾಪ ಸಭೆಯಲ್ಲಿ ಕೈ ಕಟ್ಟಿ ಕೂರಬೇಕೆಂಬ ತಿಳಿವಳಿಕೆಯನ್ನೂ ಬದಿಗಿಟ್ಟು ತಟ್ಟಿದರು. ತೀರಿಕೊಂಡವರು ಹಳೆಯ ಬಂದೂಕುಗಳ ಲೋಹಕ್ಕೆ ಅದರ ಮೊದಲಿನ ಬಣ್ಣವನ್ನು ಮರಳಿ ಬರಿಸಿಕೊಡುತ್ತಿದ್ದ ಮೇಸ್ತ್ರಿ. ಹೊಗಳಿದವರು ದೇವಸಮುದ್ರದ ಕಡೆಯ ಒಬ್ಬ ಧಣಿ. ಇಬ್ಬರ ಹೆಸರನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಮೇಸ್ತ್ರಿಯ ಹೆಸರು ಬೇಡವೆಂದದ್ದು ಅವರ ಮಗಳು. ಧಣಿಯ ಹೆಸರನ್ನು ಬಿಟ್ಟದ್ದು ನಾನು. ತಪ್ಪನ್ನು ತಿದ್ದಿಕೊಳ್ಳುವ ದಾರಿಯನ್ನು ಯಾರಿಗೂ ಮುಚ್ಚಬಾರದೆಂಬುದು ನನ್ನ ತತ್ವ, ಈ ಪ್ರಕರಣದಲ್ಲಿ ಆ ತತ್ವವನ್ನು ಪಾಲಿಸಲು ನನಗೆ ಬಹಳ ಕಷ್ಟವಾಗುತ್ತಿದೆಯಾದರೂ.

ಈ ಬರಹದ ಹಿಂದೆ ಒಂದು ಉದ್ದೇಶವಿದೆ, ಅದನ್ನು ಮುಚ್ಚಿಡುವುದಿಲ್ಲ. ಮೇಸ್ತ್ರಿಯ ಮಗಳು ತಂದೆಯ ಅಂಗಡಿಯನ್ನು ಮುಂದುವರಿಸಲು ದುರಸ್ತಿ ಪರವಾನಗಿಗೆ ಅರ್ಜಿ ಹಾಕಿದ್ದಾಳೆ. ಧಣಿ ಹಿಂದೆ ಕೊಟ್ಟ ದೂರು ಆ ಅರ್ಜಿಗೆ ಅಡ್ಡವಾಗಿ ಇಂದಿಗೂ ಕಚೇರಿಯಲ್ಲಿ ಕುಳಿತಿದೆ. 'ಈ ಅಂಗಡಿಯವರು ಬಂದೂಕುಗಳಿಗೆ ತುಕ್ಕು ಹಿಡಿಸುತ್ತಾರೆ' ಎಂಬುದು ದೂರಿನ ಸಾರ. ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಮೊದಲು ಮನುಷ್ಯನ ಪರಿಚಯವಾಗಲಿ.

ನನಗೆ ಬಂದೂಕು ಕಂಡರೆ ಆಗದು. ಮದುವೆ ಮೆರವಣಿಗೆಗಳಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವ ದುಶ್ಚಟವನ್ನು ನಿಲ್ಲಿಸಬೇಕೆಂದು ನಾವು ಕೆಲವರು ಸಹಿ ಸಂಗ್ರಹಿಸುತ್ತಿದ್ದಾಗ, ಎಣ್ಣೆ ಮಿಲ್ಲುಗಳ ಸಾಲಿನ ಹಿಂದಿದ್ದ ಅವರ ಅಂಗಡಿಗೆ ಮೊದಲ ಬಾರಿ ಹೋದೆ. ತುಕ್ಕು, ಮಸಿ, ಮೇಣಗಳ ನಡುವೆ ದುಡಿಯುವ ಮನುಷ್ಯ ಇಸ್ತ್ರಿ ಮಾಡಿದ ಬಿಳಿ ತುಂಬುತೋಳಿನ ಅಂಗಿ ತೊಟ್ಟು, ಕಿವಿಯ ಹಿಂದೆ ಅತ್ತರು ಹಚ್ಚಿಕೊಂಡು ಕುಳಿತಿದ್ದರು. ಕೆಲಸದಲ್ಲಿ ಅಂಗಿಗೆ ಕಲೆಯಾದರೆ ಅದು ಕೆಲಸದವನ ಅವಮಾನವೆಂದು ಅವರ ಎಣಿಕೆ. ವಿನಯವೆಂಬುದು ಅವರಲ್ಲಿ ಎಳ್ಳಷ್ಟೂ ಇರಲಿಲ್ಲ. ಇಲ್ಲಿಂದ ಬಳ್ಳಾರಿಯವರೆಗೆ ತನ್ನಂಥವನಿಲ್ಲ ಎಂದು ಎದುರಿಗೆ ಕುಳಿತವರಿಗೆಲ್ಲ ಅವರೇ ಹೇಳುತ್ತಿದ್ದರು. ಅವರ ಹೆಂಡತಿ ಮೊಳಕಾಲ್ಮೂರಿನ ನೇಕಾರರ ಮನೆಯವರು. ಆ ಕಡೆಯಿಂದ ಬಂದ ತೆಲುಗು ಇವರ ಬಾಯಲ್ಲಿ ಬೈಗುಳಕ್ಕೆ ಮಾತ್ರ ಬಳಕೆಯಾಗುತ್ತಿತ್ತು.

ನನ್ನ ಮನವಿಯನ್ನು ಓದಿ ಅವರು ತಲೆಯೆತ್ತಿದರು. "ಗುಂಡು ಹಾರ್ಸೋದು ನಿಲ್ಲಬೇಕು ಅಂತೀರಿ, ಸರಿ. ತುಪಾಕೀನ ಏನ್ ಮಾಡಬೇಕು ಅಂತೀರಿ?"

"ಸಮಾಜಕ್ಕೆ ಬಂದೂಕೇ ಬೇಡ ಅನ್ನೋದು ನನ್ನ ನಿಲುವು."

"ಹಂಗಾದ್ರೆ ನಮಗೂ ನಿಮಗೂ ಜಗಳನೇ ಇಲ್ಲ ಬಿಡ್ರಿ ಸಾರ್. ನಾನು ಚಂದ ಮಾಡಿಕೊಟ್ಟ ತುಪಾಕೀನ ಯಾವನೂ ಹಾರ್ಸಲ್ಲ. ಗೋಡೆಗೆ ನೇತಾಕಿ ನೋಡ್ಕಂತ ಕುಂತಿರ್ತಾನೆ. ನೀವು ಭಾಷಣ ಮಾಡಿ ನಿಲ್ಸಿದ್ದಕ್ಕಿಂತ ನಾನು ಬಣ್ಣ ಬರ್ಸಿ ನಿಲ್ಸಿದ್ದೇ ಜಾಸ್ತಿ."

"ಇದು ತರ್ಕದೋಷ," ಎಂದೆ. ಕಾಲೇಜಿನ ಚರ್ಚಾಸ್ಪರ್ಧೆಗಳು ನನ್ನ ನಾಲಿಗೆಗೆ ಅಂಟಿಸಿದ ಪದವದು.

"ಐತೇನೋ. ಅದಕ್ಕೆ ಯಾವ ಎಣ್ಣೆ ಹಚ್ತೀರಿ?" ಎನ್ನುತ್ತ ಸಹಿ ಹಾಕಿಕೊಟ್ಟರು. ಮದುವೆಗಳಲ್ಲಿ ಗುಂಡು ಹಾರಿಸುವವರ ಬಂದೂಕನ್ನು ಅವರು ಮುಟ್ಟುವುದೇ ಇಲ್ಲವೆಂಬುದು ನನಗೆ ಆಮೇಲೆ ಬೇರೆಯವರಿಂದ ತಿಳಿಯಿತು. ಅದನ್ನು ಹೇಳಿಕೊಂಡಿದ್ದರೆ ವಾದದಲ್ಲಿ ಅವರಿಗೆ ಅನುಕೂಲವಾಗುತ್ತಿತ್ತು. ಹೇಳಲಿಲ್ಲ.

ಆಮೇಲೆ ಬಿಡುವಾದಾಗಲೆಲ್ಲ ಹೋಗತೊಡಗಿದೆ. ಹೋದಾಗಲೆಲ್ಲ ಯಾರಾದರೊಬ್ಬರು ಬೈಸಿಕೊಳ್ಳುತ್ತಿದ್ದರು. ಒಮ್ಮೆ ರಾಂಪುರದ ಕಡೆಯ ರೈತರೊಬ್ಬರು ಬೆಳೆ ಕಾಯುವ ಬಂದೂಕನ್ನು ಹಳೆಯ ಪಂಚೆಯಲ್ಲಿ ಸುತ್ತಿ ತಂದಿದ್ದರು. ಮೇಸ್ತ್ರಿ ಪಂಚೆ ಬಿಚ್ಚಲು ನೋಡಿದರೆ ಅದು ನಳಿಗೆಗೆ ಅಂಟಿಕೊಂಡಿತ್ತು.

"ಲೇ, ಏನ್ ಹಚ್ಚೀಯೋ ಇದಕ್ಕೆ?"

"ಎಣ್ಣೆ, ಮೇಸ್ತ್ರಿ. ಶೇಂಗಾ ಎಣ್ಣೆ. ಗಾಣದ್ದು, ಕಲಬೆರಕೆ ಇಲ್ಲ."

"ಒಗ್ಗರಣೆ ಒಂದು ಬಾಕಿ ಇಟ್ಟೀಯಲ್ಲೋ ನಾಯನಾ! ಸಾಸ್ವೆ, ಕರಿಬೇವು ತಂದಿದ್ರೆ ಕೊಡು, ಅದನ್ನೂ ಹಾಕ್ಬಿಡಾಣ."

ರೈತರು ಬೇಸರಪಟ್ಟುಕೊಂಡರು. "ನಾವು ಉಣ್ಣೋ ಎಣ್ಣೇನೇ ಹಚ್ಚೀನಿ. ಅದಕ್ಕೇನೂ ಕಡಿಮೆ ಮಾಡಿಲ್ಲ."

ಎಣ್ಣೆಯ ಊರಿನಲ್ಲಿ ಇದು ಮನೆಮನೆಯ ತಪ್ಪು. ಅಡುಗೆಯ ಎಣ್ಣೆ ಕಬ್ಬಿಣದ ಮೇಲೆ ಒಣಗಿ ಗೋಂದಿನಂತೆ ಗಟ್ಟಿಯಾಗುತ್ತದೆ, ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದರಡಿಯಲ್ಲಿ ಲೋಹ ಸದ್ದಿಲ್ಲದೆ ಸವೆಯುತ್ತದೆ. ಮೇಸ್ತ್ರಿ ಬೈದರು, ಬಂದೂಕನ್ನು ಇಟ್ಟುಕೊಂಡರು, ರೈತರಿಗೆ ಚಹಾ ತರಿಸಿದರು. ಅವರು ಹೋದ ಮೇಲೆ, "ಪಾಪ, ಮಗಂಗೆ ಉಣ್ಸಿದಂಗೆ ಉಣ್ಸಿದಾನೆ," ಎಂದರು. ಅವರ ಬೈಗುಳಕ್ಕೆ ಮೇಲುಕೀಳಿರಲಿಲ್ಲ. ಎಲ್ಲರಿಗೂ ಒಂದೇ ಅಳತೆ. ಮುಂದೆ ಅವರನ್ನು ಮುರಿದದ್ದು ಈ ಸಮಾನತೆಯೇ.

ಚುನಾವಣೆ ಬಂತೆಂದರೆ ಅವರಿಗೆ ಇನ್ನೊಂದು ಬಗೆಯ ಸಿಟ್ಟು. ಪರವಾನಗಿಯುಳ್ಳವರೆಲ್ಲ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕು. ಶಾಂತಿಯ ದೃಷ್ಟಿಯಿಂದ ನಾನು ಆ ನಿಯಮವನ್ನು ಪೂರ್ತಿ ಬೆಂಬಲಿಸುತ್ತೇನೆ. ಆದರೆ ಒಂದರ ಮೇಲೊಂದು ಒರಗಿಸಿದ ಬಂದೂಕುಗಳು ತೇವದ ಕೋಣೆಯಲ್ಲಿ ಎಣಿಕೆ ಮುಗಿಯುವವರೆಗೂ ನಿಂತು ಹಿಂದಿರುಗುವಾಗ, ತಾಗಿದ ಕಡೆಯೆಲ್ಲ ಕೆಂಪು ಬರೆ. "ಓಟು ಹಾಕೋರು ನಾವು, ಶಾಯಿ ಬೀಳೋದು ಇದಕ್ಕೆ," ಎಂದು ಮೇಸ್ತ್ರಿ ಆ ಬರೆಗಳನ್ನು ತೋರಿಸುತ್ತಿದ್ದರು.

ಈಗ ಆ ತುಕ್ಕಿನ ವಿಷಯ. ಇದನ್ನು ಓದುಗರು ದಯವಿಟ್ಟು ನಿಧಾನವಾಗಿ ಓದಬೇಕು, ಏಕೆಂದರೆ ನ್ಯಾಯವೆಲ್ಲ ಇದರ ಮೇಲೆ ನಿಂತಿದೆ.

ಹಳೆಯ ನಳಿಗೆಯ ಕಂದು ಬಣ್ಣ ಬಳಿದದ್ದಲ್ಲ. ಅದು ತುಕ್ಕೇ, ಆದರೆ ಸಾಕಿದ ತುಕ್ಕು, ಪಳಗಿಸಿದ ತುಕ್ಕು. ಮೊದಲು ಹಾಳು ತುಕ್ಕನ್ನು ತೆಗೆದು ನಳಿಗೆಯನ್ನು ಉದ್ದುದ್ದಕ್ಕೆ ಉಜ್ಜಿ ನುಣುಪು ಮಾಡಬೇಕು. ಸುಣ್ಣದ ತಿಳಿಯಿಂದ ಜಿಡ್ಡನ್ನು ತೊಳೆಯಬೇಕು. ಅಲ್ಲಿಂದ ಮುಂದೆ ಬರಿಗೈ ತಾಕುವಂತಿಲ್ಲ. ಎರಡೂ ತುದಿಗೆ ಮರದ ಬೆಣೆ ಹೊಡೆದು ಅದನ್ನೇ ಹಿಡಿದು ತಿರುಗಿಸಬೇಕು. ತುಕ್ಕು ಹಿಡಿಸುವ ದ್ರಾವಣವನ್ನು ಒದ್ದೆಯಾಯಿತೋ ಇಲ್ಲವೋ ಎನ್ನುವಷ್ಟು ತೆಳ್ಳಗೆ ಸವರಿ ತೇವದ ಗಾಳಿಯಲ್ಲಿ ತೂಗುಹಾಕಿದರೆ, ನಳಿಗೆಯ ಮೈಮೇಲೆ ಕೇಸರಿ ಬಣ್ಣದ ಮಖಮಲ್ಲು ಬೆಳೆಯುತ್ತದೆ. ಅದನ್ನು ಸಣ್ಣ ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆದರೆ ಕೆಳಗೆ ಕಂದಿನ ಒಂದು ನೆರಳು ಉಳಿದಿರುತ್ತದೆ. ಮತ್ತೆ ಸವರಬೇಕು, ಮತ್ತೆ ಬೆಳೆಸಬೇಕು, ಮತ್ತೆ ಉಜ್ಜಬೇಕು. ನೆರಳಿನ ಮೇಲೆ ನೆರಳು ಕೂತು ಬಣ್ಣವಾಗುತ್ತದೆ. ಕೊನೆಗೆ ಬಿಸಿನೀರಿನಲ್ಲಿ ತುಕ್ಕಿನ ಹಸಿವನ್ನು ಅಡಗಿಸಿ ಜೇನುಮೇಣ ತಿಕ್ಕಿದರೆ ಮುಗಿಯಿತು.

ಚಳ್ಳಕೆರೆಯ ಗಾಳಿಯಲ್ಲಿ ತೇವ ಎಲ್ಲಿಂದ ಬರಬೇಕು? ಅವರು ಒಂದು ಉದ್ದನೆಯ ಮರದ ಕಪಾಟಿನೊಳಗೆ ಸುತ್ತಲೂ ಕರಿ ಕಂಬಳಿ ಕಟ್ಟಿ, ದಿನವೂ ಬೆಳಿಗ್ಗೆ ಅದಕ್ಕೆ ನೀರು ಚಿಮುಕಿಸುತ್ತಿದ್ದರು. ಗೋಣಿತಾಟಾದರೆ ಮಧ್ಯಾಹ್ನಕ್ಕೆ ಒಣಗುತ್ತದೆ, ಉಣ್ಣೆ ಸಂಜೆಯವರೆಗೂ ತಂಪನ್ನು ಬಿಡುವುದಿಲ್ಲವೆಂದು ಹೇಳುತ್ತಿದ್ದರು. ಕೊಳವೆಬಾವಿಯ ನೀರು ಕಬ್ಬಿಣದ ಮೇಲೆ ಬಿಳಿ ಚುಕ್ಕೆ ಬಿಡುತ್ತದೆಂದು ಮಳೆನೀರನ್ನು ಹಿಡಿದಿಡುತ್ತಿದ್ದರು. ಮೇಣ ತಿಕ್ಕಲು ಮೊಳಕಾಲ್ಮೂರಿನ ಮಗ್ಗಗಳಲ್ಲಿ ಉಳಿದ ರೇಷ್ಮೆಯ ಚಿಂದಿ. ಮಾವನ ಮನೆಯಿಂದ ಬಂದ ಬಳುವಳಿ ಅದೊಂದೇ ಎಂದು ಹೆಂಡತಿಗೆ ಕೇಳುವಂತೆ ಹೇಳುತ್ತಿದ್ದರು.

ಯಾವ ಬಂದೂಕಿಗೆ ಯಾವ ಬಣ್ಣ ಎನ್ನುವುದನ್ನು ಅವರು ಊಹಿಸುತ್ತಿರಲಿಲ್ಲ. ಮರದ ಹಿಡಿಯನ್ನು ಬಿಚ್ಚಿ, ಕೈ, ಬಿಸಿಲು, ಧೂಳು ಯಾವುದೂ ತಲುಪದ ಒಳಮೈಯನ್ನು ನೋಡುತ್ತಿದ್ದರು. ತಯಾರಿಸಿದವನು ಕೊಟ್ಟ ಬಣ್ಣ ಅಲ್ಲಿ ಉಳಿದಿರುತ್ತದೆ. ಈ ವಿಷಯದಲ್ಲಿ ನಾನು ಅವರೊಡನೆ ಬಹಳ ವಾದಿಸಿದ್ದೇನೆ. ಕಾಲ ಸವೆಸಿದ್ದೂ ವಸ್ತುವಿನ ಚರಿತ್ರೆಯೇ ಅಲ್ಲವೇ, ಅದನ್ನು ಅಳಿಸಿ ಮೊದಲಿನಂತೆ ಮಾಡುವುದು ಒಂದು ಬಗೆಯ ಸುಳ್ಳಲ್ಲವೇ ಎಂದು ಕೇಳಿದೆ. "ಸವೆದಿದ್ದು ಬ್ಯಾರೆ, ಕೆಟ್ಟಿದ್ದು ಬ್ಯಾರೆ," ಎಂದರು. "ಅವರ ತಾತ ಹಿಡ್ಕಂಡು ಹಿಡ್ಕಂಡು ಸವೆದ ಜಾಗ ನಾನು ಮುಚ್ಚಲ್ಲ, ಅಲ್ಲಿ ಬಣ್ಣ ತೆಳ್ಳಗೇ ಬಿಡ್ತೀನಿ. ಆದ್ರೆ ಮೊಮ್ಮಗ ಸೋಂಬೇರಿ ಆಗಿ ಹಾಳು ಮಾಡಿದ್ದು ಚರಿತ್ರೆ ಅಲ್ಲ ಸಾರ್, ಗಲೀಜು." ಇದಕ್ಕೆ ನಾನು ಪೂರ್ತಿ ಒಪ್ಪಿಲ್ಲ, ಸೋಮಾರಿತನವೂ ಚರಿತ್ರೆಯ ಭಾಗವೆಂದೇ ನನ್ನ ಅಭಿಪ್ರಾಯ. ಆ ವಾದ ಹಾಗೇ ಉಳಿಯಿತು. ಅವರಿದ್ದಿದ್ದರೆ ಇನ್ನೂ ನಡೆಯುತ್ತಿತ್ತು.

ಧಣಿಯ ಬಂದೂಕು ಅಂಗಡಿಗೆ ಬಂದದ್ದು ಒಂದು ಚುನಾವಣೆಯ ನಂತರ, ಠಾಣೆಯಿಂದ ಬಿಡಿಸಿಕೊಂಡು. ಮದ್ದನ್ನು ಬಾಯಿಯಿಂದ ತುಂಬುವ ಹಳೆಯ ಕಾಲದ್ದು. ಅದರ ನಳಿಗೆ ಸಾಮಾನ್ಯದ್ದಾಗಿರಲಿಲ್ಲ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಜಡೆಯಂತೆ ಹೆಣೆದು, ಸುರುಳಿ ಸುತ್ತಿ, ಬೆಸೆದು ಮಾಡಿದ್ದು. ಎರಡೂ ಲೋಹಗಳು ತುಕ್ಕನ್ನು ಬೇರೆಬೇರೆಯಾಗಿ ಕುಡಿಯುತ್ತವೆ. ಆದ್ದರಿಂದ ಆ ಜಡೆಯ ಗೆರೆಗಳು ಕಣ್ಣಿಗೆ ಕಾಣಬೇಕಾದರೆ ತುಕ್ಕನ್ನು ಬೆಳೆಸಲೇಬೇಕು, ಹೊಳಪಿಸಿದರೆ ಕಾಣುವುದಿಲ್ಲ. ಮೇಸ್ತ್ರಿ ಅಂಥದ್ದನ್ನು ಬದುಕಿನಲ್ಲಿ ಕೆಲವೇ ನೋಡಿದ್ದರಂತೆ. ಆ ದಿನಗಳಲ್ಲಿ ಅವರು ಯಾರಿಗೂ ಬೈಯಲಿಲ್ಲವೆಂದು ಮಗಳು ಹೇಳುತ್ತಾಳೆ.

ಕೆಲಸ ನಡುವಿನಲ್ಲಿದ್ದಾಗ ಧಣಿ ಇಬ್ಬರು ಜೊತೆಗಾರರನ್ನು ಕರೆದುಕೊಂಡು ಹೇಳದೆ ಕೇಳದೆ ಬಂದರು. ಕಪಾಟಿನ ಬಾಗಿಲು ತೆರೆದಿತ್ತು. ಒಳಗೆ ನಳಿಗೆ ತುದಿಯಿಂದ ಬುಡದವರೆಗೆ ಕೇಸರಿ ತುಕ್ಕಿನಲ್ಲಿ ತೂಗುತ್ತಿತ್ತು. ಆ ಸಂಜೆ ನಾನೂ ಅಲ್ಲಿದ್ದೆ.

"ಮುಟ್ಟಬ್ಯಾಡ್ರಿ," ಎಂದು ಮಗಳು ಅಡ್ಡ ಬಂದಳು.

"ನಮ್ಮ ತಾತನ ಬಂದೂಕ ಮುಟ್ಟಾಕೆ ನಿನ್ನ ಅಪ್ಪಣೆ ಬೇಕೇನಮ್ಮ?" ಧಣಿ ನಳಿಗೆಯನ್ನು ನಡುವಿಗೆ ಹಿಡಿದೆಳೆದರು. ಅಂಗೈ ಕೆಂಪಾಯಿತು.

"ಧಣಿ, ಕೈ ಬಿಡ್ರಿ," ಎಂದರು ಮೇಸ್ತ್ರಿ. "ಇನ್ನೂ ಕೆಲಸದಾಗೈತೆ. ಬೆವರು ತಾಕಿದ್ರೆ ಕಲೆ ಬೀಳ್ತೈತೆ."

"ಕಲೇನಾ? ಪೂರಾ ತುಕ್ಕೇ ಐತಲ್ಲಯ್ಯಾ! ತೆಗಿ ಅಂತ ಕೊಟ್ರೆ ಬೆಳೆಸೀಯಾ?"

"ಬೆಳೆಸಿ ತೆಗೆಯೋದೇ ಕೆಲಸ. ಇನ್ನೊಂದು ವಾರ ತಡ್ಕಳ್ರಿ. ನಿಮ್ಮ ತಾತ ಎದ್ದು ಬಂದ್ರೆ ದೂರದಿಂದಲೇ ಗುರುತು ಹಿಡೀಬೇಕು, ಹಂಗ್ ಮಾಡಿಕೊಡ್ತೀನಿ."

"ನಮ್ಮ ತಾತನ ಮಾತು ನಿನ್ನ ಬಾಯಾಗೆ ಬ್ಯಾಡ. ಒಂದು ಬಂದೂಕ ನೆಟ್ಟಗೆ ಇಟ್ಕಳಾಕೆ ಬರಲ್ಲ, ಮೇಸ್ತ್ರಿ ಅಂತೆ!"

ಮೇಸ್ತ್ರಿ ಎದ್ದು ನಿಂತರು. "ಲೇ, ಬಿಡು ಅದನ್ನ!" ಎಂದರು.

ರಾಂಪುರದ ರೈತರಿಗೆ 'ಲೇ' ಎಂದದ್ದು ಅದೇ ಬಾಯಿ, ಅದೇ ಅಳತೆ. ರೈತರು ಚಹಾ ಕುಡಿದು ಹೋಗಿದ್ದರು. ಧಣಿಯ ಜೊತೆಗಾರರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಧಣಿ ನಳಿಗೆಯನ್ನೂ ಮರದ ಹಿಡಿಯನ್ನೂ ಹೊತ್ತುಕೊಂಡು ಹೊರಟರು. ದಾರಿಯುದ್ದಕ್ಕೂ ಮಿಲ್ಲುಗಳ ಮುಂದೆ, ಚಹಾದಂಗಡಿಯ ಮುಂದೆ ಕೆಂಪು ಅಂಗೈಯನ್ನು ಎತ್ತಿ ತೋರಿಸಿದರು. "ನೋಡ್ರಪ್ಪಾ, ಇದು ಅವನ ಕೈಗುಣ!"

ಅವರು ಬರೆದು ಕೊಟ್ಟದ್ದು ತುಕ್ಕಿನ ದೂರು. ಅವರನ್ನು ಸುಟ್ಟದ್ದು ಒಂದು 'ಲೇ'. ಬೈಗುಳಕ್ಕೆ ದೂರು ಕೊಟ್ಟಿದ್ದರೆ ನಾನು ಗೌರವಿಸುತ್ತಿದ್ದೆ, ಮೇಸ್ತ್ರಿಯಿಂದ ಕ್ಷಮೆ ಕೇಳಿಸಲೂ ಪ್ರಯತ್ನಿಸುತ್ತಿದ್ದೆ. ತನ್ನ ಪ್ರತಿಷ್ಠೆಗೆ ಬಿದ್ದ ಪೆಟ್ಟನ್ನು ಇನ್ನೊಬ್ಬರ ಕಸುಬಿನ ಲೆಕ್ಕಕ್ಕೆ ಬರೆಯುವುದು ಹೇಡಿತನ. ಇದಕ್ಕಿಂತ ಮೆದುವಾದ ಪದ ನನಗೆ ಗೊತ್ತಿಲ್ಲ.

ಬಂದೂಕು ಬೇರೊಂದು ಊರಿನ ಕಾರ್ಖಾನೆಗೆ ಹೋಯಿತು. ಚಕ್ರಕ್ಕೆ ಕೊಟ್ಟು ಉಜ್ಜಿಸಿ, ಕ್ರೋಮ್ ಹಾಕಿಸಿ ತಂದರು. ವಿಷಯವನ್ನು ಮಾತಾಡಿ ಬಗೆಹರಿಸಲೆಂದು ನಾನು ಧಣಿಯ ಮನೆಗೆ ಹೋಗಿದ್ದಾಗ ಪಡಸಾಲೆಯಲ್ಲಿ ಅದನ್ನು ಕಂಡೆ. ಹೊಸ ಬೈಕಿನ ಹ್ಯಾಂಡಲ್ಲಿನ ಹಾಗೆ ಫಳಫಳ ಹೊಳೆಯುತ್ತಿತ್ತು. ಜಡೆಯ ಒಂದೆಳೆಯೂ ಕಾಣುತ್ತಿರಲಿಲ್ಲ. "ಹೆಂಗೈತೆ ಸಾರ್?" ಎಂದು ಧಣಿ ಕೇಳಿದರು. "ನಿಮ್ಮ ತಾತನಿಗೆ ಗುರುತು ಸಿಗುವುದಿಲ್ಲ," ಎಂದೆ. ಆ ಮನೆಯ ಚಹಾ ನನಗೆ ಸಿಗಲಿಲ್ಲ.

ದೂರಿನ ವಿಚಾರಣೆಗೆ ಮೇಸ್ತ್ರಿಯನ್ನು ಕಚೇರಿಗೆ ಕರೆದರು. ಜೊತೆಯಲ್ಲಿ ನಾನು ಹೋದೆ. ಅವರಿಗೆ ದಾರಿಯುದ್ದಕ್ಕೂ ಪಾಠ ಹೇಳಿದೆ: ಮೊದಲು ವಿಧಾನವನ್ನು ವಿವರಿಸಿ, ಆಮೇಲೆ ಉತ್ತರಿಸಿ. ಅಧಿಕಾರಿಗೆ ಅವಸರವಿತ್ತು.

"ಬಂದೂಕಿಗೆ ತುಕ್ಕು ಹಿಡಿಸಿದ್ದು ಹೌದೋ ಅಲ್ಲವೋ? ಅಷ್ಟೇ ಹೇಳಿ."

"ಸಾರ್, ವಿಧಾನವನ್ನು ಸ್ವಲ್ಪ..." ಎಂದು ನಾನು ಬಾಯಿ ಹಾಕಿದೆ.

"ನಿಮ್ಮನ್ನ ಕೇಳಿಲ್ಲ."

ಮೇಸ್ತ್ರಿ ಬಿಳಿ ಅಂಗಿಯ ತೋಳನ್ನು ಸರಿಪಡಿಸಿಕೊಂಡು ಹೇಳಿದರು: "ಹೌದು. ನಾನೇ ಹಿಡಿಸ್ದೆ. ಬ್ಯಾರೆಯವರಿಗೆ ಹಿಡಿಸಾಕೆ ಬರಲ್ಲ."

ಅಧಿಕಾರಿ ಮೊದಲ ಎರಡು ಮಾತನ್ನು ಬರೆದುಕೊಂಡರು. ಮೂರನೆಯದನ್ನು ಬಿಟ್ಟರು. ಹೊರಗೆ ಬಂದ ಮೇಲೆ ನಾನು ಹೌಹಾರಿ, "ಹಾಗೆ ಒಪ್ಪಿಕೊಂಡಿರಲ್ಲ!" ಎಂದೆ. "ಮತ್ತೇನ್ ಹೇಳಲಿ? ತಂತಾನೇ ಹಿಡೀತು ಅಂತ ಹೇಳಿ ಕೆಲಸಗೇಡಿ ಅನ್ನಿಸ್ಕಳ್ಳಾ?" ಎಂದು ನನಗೇ ಗದರಿದರು. ತರಬೇತಾದ ಚರ್ಚಾಪಟುವಿಗೆ ಅದು ಸೋಲಿನ ಉತ್ತರ. ಅವರ ಮಟ್ಟಿಗೆ ಬೇರೆ ಉತ್ತರವೇ ಇರಲಿಲ್ಲ.

ಪರವಾನಗಿಯ ನವೀಕರಣ ನಿಂತಿತು. ಅವರು ಇದನ್ನು ಘನತೆಯಿಂದ ಸಹಿಸಿದರೆಂದು ಬರೆದರೆ ಸುಳ್ಳಾಗುತ್ತದೆ. ಪೇಟೆಯಲ್ಲಿ ನಿಂತು ಕೂಗಾಡಿದರು, ಹೆಂಡತಿಯ ಮೇಲೆ ರೇಗಿದರು, ಸಮಾಧಾನ ಹೇಳಲು ಬಂದವರನ್ನು ಅಟ್ಟಿದರು. ಮಗಳು ಎಣ್ಣೆ ಮಿಲ್ಲುಗಳ ಯಂತ್ರ ರಿಪೇರಿಗೆ ಹೋಗತೊಡಗಿದಳು. ಮೇಸ್ತ್ರಿ ಇಸ್ತ್ರಿಯ ಅಂಗಿ ತೊಟ್ಟು ಅಂಗಡಿಗೆ ಬಂದು, ತೂಗಲು ಒಂದು ನಳಿಗೆಯೂ ಇಲ್ಲದ ಕಪಾಟಿನ ಕಂಬಳಿಗೆ ಬೆಳಿಗ್ಗೆ ಬೆಳಿಗ್ಗೆ ನೀರು ಚಿಮುಕಿಸುವುದನ್ನು ನಾನು ಕಂಡಿದ್ದೇನೆ. ಕೇಳಿದ್ದಕ್ಕೆ, "ಒಣಗಿದ್ರೆ ಹುಳ ಬೀಳ್ತೈತೆ," ಎಂದರು. ಈ ಬೇಸಿಗೆಯಲ್ಲಿ ಮೊಳಕಾಲ್ಮೂರಿನಲ್ಲಿ, ಹೆಂಡತಿಯ ತವರಿನಲ್ಲಿ, ಎದೆನೋವು ಬಂದು ಹೋಗಿಬಿಟ್ಟರು.

ಸಂತಾಪ ಸಭೆಯಲ್ಲಿ ಧಣಿ ಅವರನ್ನು 'ನಮ್ಮ ಸೀಮೆಯ ರತ್ನ' ಎಂದರು. ಸಭೆ ಮುಗಿದು ಜನ ಎದ್ದಾಗ ಮಗಳು ಅವರ ಮುಂದೆ ಹೋಗಿ ನಿಂತಳು.

"ಧಣಿ, ಆ ದೂರು ವಾಪಸ್ ತಗಂತೀರಾ?"

"ಸತ್ತೋರ ಫೋಟೋ ಮುಂದೆ ಅದೆಲ್ಲ ಯಾಕಮ್ಮ?"

"ಹೊಗಳಿದ್ದು ಇದೇ ಫೋಟೋ ಮುಂದೆ ಅಲ್ಲೇನ್ರಿ? ಇದೂ ಇಲ್ಲೇ ಆಗ್ಲಿ ಅಂತ ಕೇಳಿದೆ."

"ನೋಡಾಣ, ನೋಡಾಣ," ಎನ್ನುತ್ತ ಧಣಿ ಕಾರಿನ ಕಡೆ ನಡೆದರು. ಹೊಗಳಿಕೆಗೆ ಖರ್ಚಿಲ್ಲ. ದೂರನ್ನು ಹಿಂತೆಗೆದರೆ ಮಾತ್ರ ಅಂದು ಎತ್ತಿ ತೋರಿಸಿದ ಅಂಗೈಗೆ ಅರ್ಥವಿರಲಿಲ್ಲವೆಂದು ಒಪ್ಪಿಕೊಂಡಂತಾಗುತ್ತದೆ.

ಆ ಹೆಣ್ಣುಮಗಳು ತಂದೆಯ ಜೊತೆ ನಿಂತು ಕೆಲಸವನ್ನೆಲ್ಲ ಕಲಿತಿದ್ದಾಳೆ. 'ಹೆಂಗಸಿಗೆ ಬಂದೂಕಿನ ಕೆಲಸ ಯಾಕೆ' ಎಂದು ಗೊಣಗುವವರಿಗೆ ನಾನು ಬೇರೆ ಕಡೆ ಉತ್ತರಿಸುತ್ತೇನೆ. ಇಲ್ಲಿ ಅವರಿಗಾಗಿ ಒಂದು ಸಾಲನ್ನೂ ವ್ಯರ್ಥ ಮಾಡುವುದಿಲ್ಲ. ಕಚೇರಿಯವರು ಆಕೆಗೆ ಹೇಳಿದ್ದು ಇಷ್ಟು: ದೂರು ಒಂದಿದೆ, ನಿಮ್ಮ ಪರವಾಗಿ ಒಂದು ಮಾತೂ ಕಡತದಲ್ಲಿಲ್ಲ. ಅದು ನಿಜ. ಚಳ್ಳಕೆರೆ, ಮೊಳಕಾಲ್ಮೂರು, ನಾಯಕನಹಟ್ಟಿ, ರಾಂಪುರದ ಎಷ್ಟೋ ಮನೆಗಳ ಗೋಡೆಯ ಮೇಲೆ ಅವರ ಕೈಯ ಬಣ್ಣವಿದೆ. ಆ ಮನೆಗಳವರೆಲ್ಲ ಸಭೆಗೆ ಬಂದಿದ್ದರು. ಒಬ್ಬರೂ ಒಂದು ಚೀಟಿ ಬರೆದುಕೊಟ್ಟಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ನಿಮ್ಮ ಮನೆಯ ಬಂದೂಕನ್ನು ಈ ಮೇಸ್ತ್ರಿ ಸರಿಮಾಡಿಕೊಟ್ಟಿದ್ದರೆ, ಅದು ಕೆಡದೆ ನಿಮ್ಮ ಕೈ ಸೇರಿತ್ತೆಂದು ಒಂದು ಹಾಳೆಯಲ್ಲಿ ಬರೆದು, ನಿಮ್ಮ ಪರವಾನಗಿಯ ನಕಲನ್ನು ಲಗತ್ತಿಸಿ, ಸಹಿ ಹಾಕಿ, ಎಣ್ಣೆ ಮಿಲ್ಲುಗಳ ಹಿಂದಿನ ಆ ಅಂಗಡಿಗೆ ಹೋಗಿ ಮಗಳ ಕೈಯಲ್ಲಿ ಕೊಡಿ. ಬರೆಯಲು ಬಾರದವರು ಹೋಗಿ ಹೇಳಿದರೆ ನಾನು ಬರೆದುಕೊಡುತ್ತೇನೆ. ಸಂಜೆ ಹೊತ್ತು ಅಲ್ಲೇ ಕುಳಿತಿರುತ್ತೇನೆ. ದಯವಿಟ್ಟು ಈ ವಾರವೇ ಹೋಗಿ.